ಮಗಳ ಫೋಟೋ ಮನೆಯಲ್ಲೇ ಪ್ರಿಂಟ್ ಮಾಡಬೇಕು, 5,000 ರೂಪಾಯಿ ಒಳಗೆ ಯಾವ ಇಂಕ್‌ಜೆಟ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಮಗಳ ಫೋಟೋ, ಆಗಾಗ ಸ್ಕೂಲ್ ಪ್ರಾಜೆಕ್ಟ್, ಕೈಯಲ್ಲಿ ಐದು ಸಾವಿರ. ಆರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿಕೊಂಡು ಸಾಗರದಿಂದ ಶಿವಮೊಗ್ಗಕ್ಕೆ ಬಸ್ ಹತ್ತಿದ್ದೆ. ವಾಪಸ್ ಬರುವಾಗ ತೊಡೆ ಮೇಲೆ ಪ್ರಿಂಟರ್ ಡಬ್ಬ ಇತ್ತು. 4,200 ರೂಪಾಯಿ. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಒಂದರಲ್ಲೇ.

ಮೊದಲ ಫೋಟೋ ಮಗಳು ಹುಟ್ಟುಹಬ್ಬದ ಕೇಕಿಗೆ ಮುಷ್ಟಿ ಹಾಕಿದ್ದು. ಹೊಳೆಯುವ ಫೋರ್ ಬೈ ಸಿಕ್ಸ್ ಪೇಪರ್ ಮೇಲೆ ನಿಧಾನಕ್ಕೆ, ಸಾಲು ಸಾಲಾಗಿ ಹೊರಗೆ ಬಂತು. ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದೆವು. ಅವತ್ತು ಒಂದೇ ರಾತ್ರಿ ಹದಿನೆಂಟು ಫೋಟೋ ಪ್ರಿಂಟ್ ಮಾಡಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ನಮ್ಮದು ಮಲೆನಾಡು. ಏಪ್ರಿಲ್, ಮೇ ಬಂದರೆ ಗುಡುಗು, ಸಿಡಿಲು. ಎರಡು ಮೋಡೆಮ್ ಮತ್ತು ಒಂದು ಟಿವಿ ಸುಟ್ಟ ಮೇಲೆ ಅಪ್ಪ ಮನೆಯಲ್ಲಿ ಒಂದು ಕಾನೂನು ಮಾಡಿದ್ದರು. ಯಾವುದೇ ಮಿಷನ್ ಆಗಲಿ, ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆಫ್, ಪ್ಲಗ್ ಹೊರಗೆ. ನಾನೂ ಹಾಗೇ ಬೆಳೆದವನು. ಪ್ರಿಂಟರ್‌ನಿಂದ ಪೇಪರ್ ಹೊರಗೆ ಬಿದ್ದರೆ ಸಾಕು, ಟಕ್ ಅಂತ ಗೋಡೆ ಸ್ವಿಚ್ ಆಫ್ ಮಾಡುತ್ತಿದ್ದೆ. ಪ್ರಿಂಟರ್ ಮೇಲೂ ಒಂದು ಬಟನ್ ಇದೆ ಅಲ್ವಾ, ಅದನ್ನು ಸುಮ್ನೆ ಕೊಟ್ಟಿದ್ದಾರೆ ಅಂದುಕೊಂಡಿದ್ದೆ.

ಸುಮ್ನೆ ಅಲ್ಲ. ಇಂಕ್‌ಜೆಟ್‌ನಲ್ಲಿ ಶಾಯಿ ಹೊರಗೆ ಬರುವುದು ಕೂದಲೆಳೆಗಿಂತ ಸಣ್ಣ ತೂತುಗಳಿಂದ. ಶಾಯಿಯಲ್ಲಿ ಬಹುಪಾಲು ನೀರೇ. ಗಾಳಿಗೆ ಬಿಟ್ಟರೆ ಒಣಗುತ್ತದೆ, ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಹೆಡ್, ಅಂದರೆ ಆ ತೂತುಗಳಿರುವ ಭಾಗ, ಒಂದು ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರಬೇಕು. ಬಟನ್ ಒತ್ತಿ ಆಫ್ ಮಾಡಿದರೆ ಕರ್ರ್, ಟಕ್ ಅಂತ ಸದ್ದು ಬರುತ್ತದೆ ನೋಡಿ, ಅದು ಹೆಡ್ ಮುಚ್ಚಳದ ಮೇಲೆ ಕೂತ ಸದ್ದು. ಅಷ್ಟರೊಳಗೆ ಕರೆಂಟ್ ಕಿತ್ತರೆ ಅದು ಎಲ್ಲಿತ್ತೋ ಅಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಮಾರನೇ ದಿನ ಪ್ರಿಂಟ್ ಮಾಡುವವರಿಗೆ ಅಷ್ಟೇನೂ ಗೊತ್ತಾಗಲ್ಲ. ನಾನು ಮತ್ತೆ ಸ್ವಿಚ್ ಹಾಕಿದ್ದು ಐದು ವಾರ ಬಿಟ್ಟು.

ಮಗಳ ಮುಖ ಕೆಂಪಗೆ ಬಂತು. ಹಿಂದಿನ ಆಕಾಶ ಗುಲಾಬಿ. ನೀಲಿ ಬಣ್ಣವೇ ಇಲ್ಲ. ಕಂಪ್ಯೂಟರ್‌ನಲ್ಲಿ ಹೆಡ್ ಕ್ಲೀನಿಂಗ್ ಅಂತ ಇತ್ತು, ಒತ್ತಿದೆ. ಸರಿಹೋಗಲಿಲ್ಲ, ಮತ್ತೆ ಒತ್ತಿದೆ. ಹೀಗೇ ಏಳು ಸಲ. ಕ್ಲೀನಿಂಗ್ ಅಂದರೆ ಕಾರ್ಟ್ರಿಡ್ಜ್‌ನಲ್ಲಿರುವ ಶಾಯಿಯನ್ನೇ ತೂತಿನಿಂದ ಜೋರಾಗಿ ಹೊರಗೆ ತಳ್ಳುವುದು, ಹಾಗೆ ಬಂದ ಶಾಯಿ ಒಳಗಿರುವ ಸ್ಪಂಜಿಗೆ ಹೋಗುತ್ತದೆ ಅಂತ ಆಮೇಲೆ ತಿಳಿಯಿತು. ಹೊಸ ಶಾಯಿಯನ್ನು ನಾನೇ ಏಳು ಸಲ ಚರಂಡಿಗೆ ಸುರಿದ ಹಾಗೆ. ಕೊನೆಗೆ ಕಾರ್ಟ್ರಿಡ್ಜ್ ಬಿಚ್ಚಿ, ಬಿಸಿ ನೀರಲ್ಲಿ ಅದ್ದಿದ ಟಿಶ್ಯೂ ಮೇಲೆ ಅದರ ತಳ ಒತ್ತಿ ಹಿಡಿದೆ. ಮೂರು ಬಣ್ಣದ ಮೂರು ಪಟ್ಟಿ ಮೂಡಬೇಕು. ಗುಲಾಬಿ ಮೂಡಿತು, ಹಳದಿ ಮೂಡಿತು. ನೀಲಿ ಜಾಗದಲ್ಲಿ ಬರೀ ಒದ್ದೆ.

ಆ ಮಾಡೆಲ್‌ನಲ್ಲಿ ಹೆಡ್ ಕಾರ್ಟ್ರಿಡ್ಜ್‌ಗೇ ಅಂಟಿಕೊಂಡಿತ್ತು. ಹಾಗಾಗಿ ಹೊಸ ಸೆಟ್ ಹಾಕಿದೆ, 1,850 ರೂಪಾಯಿ, ಸರಿಹೋಯಿತು. ಪಾಠ ಕಲಿತೆನಾ? ಇಲ್ಲ. ಗೋಡೆ ಸ್ವಿಚ್ಚೇ ಕಾರಣ ಅಂತ ಆಗಿನ್ನೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮತ್ತೆ ಅದೇ ಕಥೆ, ಮತ್ತೆ 1,850. ಪೇಪರ್ 400. ಪ್ರಿಂಟರ್ ಸೇರಿ ಒಟ್ಟು 8,300 ರೂಪಾಯಿಗೆ ನಾನು ಪ್ರಿಂಟ್ ತೆಗೆದ ಒಳ್ಳೆಯ ಫೋಟೋ 46. ಒಂದಕ್ಕೆ 180 ರೂಪಾಯಿ ಬಿತ್ತು. ನಮ್ಮ ಪೇಟೆಯ ಸ್ಟುಡಿಯೋದಲ್ಲಿ ಅದೇ ಸೈಜಿಗೆ 12 ರೂಪಾಯಿ.

ಇನ್ನು ಮಳೆಗಾಲದ್ದು ಬೇರೆ. ಆಷಾಢದಲ್ಲಿ ಆಲ್ಬಮ್ ತೆರೆದರೆ ಎದುರುಬದುರು ಇಟ್ಟಿದ್ದ ಎರಡು ಫೋಟೋ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸುವಾಗ ಅಜ್ಜಿಯ ಮೂಗು ಮಗಳ ಕೆನ್ನೆಗೆ ಹೋಯಿತು.

ಹಾಗಾಗಿ ಕೇಳಿದ್ದಕ್ಕೆ ನೇರ ಉತ್ತರ: ಯಾವುದೂ ಬೇಡ. ಫೋಟೋಗಳನ್ನು ಫೋನಿನಲ್ಲಿ ಆರಿಸಿಡಿ, ಮೂವತ್ತು ನಲವತ್ತು ಆದಾಗ ಸ್ಟುಡಿಯೋಗೆ ಕಳಿಸಿ. ಕಲರ್ ಲ್ಯಾಬ್‌ನಲ್ಲಿ ಬೆಳಕು ಮತ್ತು ಕೆಮಿಕಲ್‌ನಿಂದ ತೊಳೆದು ತೆಗೆದ ಪ್ರಿಂಟ್ ಒಂದು ಹನಿ ನೀರು ಬಿದ್ದರೆ ಕದಡುವುದಿಲ್ಲ. ಐದು ಸಾವಿರದ ಪ್ರಿಂಟರ್ ಅಗ್ಗ ಅನ್ನಿಸುವುದು ಕಾರ್ಟ್ರಿಡ್ಜ್ ಕೊಳ್ಳುವ ತನಕ ಮಾತ್ರ.

ಬಾಟಲಿಯಿಂದ ಶಾಯಿ ಸುರಿದು ತುಂಬಿಸುವ ಇಂಕ್ ಟ್ಯಾಂಕ್ ಪ್ರಿಂಟರ್? ವಾರಕ್ಕೊಮ್ಮೆಯಾದರೂ ಕಲರ್ ಪ್ರಿಂಟ್ ತೆಗೆಯುವ ಮನೆಯಾದರೆ ಸರಿ, ಆದರೆ ಅವು ನಿಮ್ಮ ಐದು ಸಾವಿರಕ್ಕೆ ಸಿಗಲ್ಲ. ಬಾಟಲಿಗೆ ಸಾವಿರಾರು ಪುಟ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಆ ಲೆಕ್ಕ ಆಫೀಸ್ ಪತ್ರದಂಥ ಪುಟಗಳದ್ದು, ಅಂಚಿನಿಂದ ಅಂಚಿಗೆ ಶಾಯಿ ಕುಡಿಯುವ ಫೋಟೋದ್ದಲ್ಲ. ಮತ್ತೆ ಅವುಗಳಲ್ಲಿ ಸಾಮಾನ್ಯವಾಗಿ ಹೆಡ್ ಮಿಷನ್‌ನಲ್ಲೇ ಇರುತ್ತದೆ. ನನ್ನ ಥರ ಒಣಗಿಸಿಕೊಂಡರೆ ಕಾರ್ಟ್ರಿಡ್ಜ್ ಬದಲಿಸಿ ಪಾರಾಗೋಕೆ ಆಗಲ್ಲ, ಹೆಡ್ ರಿಪೇರಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಸ್ಕೂಲಿನ ಕಪ್ಪು-ಬಿಳುಪು ಹಾಳೆಗಳೇ ಜಾಸ್ತಿಯಿದ್ದರೆ ಸ್ವಲ್ಪ ಕಾದು, ದುಡ್ಡು ಕೂಡಿಸಿ ಲೇಸರ್ ತಗೊಳ್ಳಿ. ಅದರಲ್ಲಿರುವುದು ಒಣ ಪುಡಿ, ಎರಡು ತಿಂಗಳು ಮುಟ್ಟದಿದ್ದರೂ ಕಟ್ಟಿಕೊಳ್ಳುವುದಿಲ್ಲ.

ಇಷ್ಟು ಹೇಳಿದರೂ ನೀವು ಇಂಕ್‌ಜೆಟ್ಟೇ ತರುತ್ತೀರಿ, ನನಗೆ ಗೊತ್ತು. ತನ್ನಿ. ವಾರಕ್ಕೊಂದು ಸಣ್ಣ ಕಲರ್ ಪ್ರಿಂಟ್ ತೆಗೆಯುತ್ತಿರಿ. ಗುಡುಗು ಬಂದರೆ ಮೊದಲು ಪ್ರಿಂಟರ್‌ನ ಬಟನ್ ಒತ್ತಿ, ಆ ಟಕ್ ಸದ್ದು ಕೇಳಿ, ದೀಪ ಆರಿದ ಮೇಲೆ ಪ್ಲಗ್ ಕೀಳಿ. ನನ್ನದು ಈಗ ಪಹಣಿ ಸ್ಕ್ಯಾನ್ ಮಾಡೋಕೆ ಮಾತ್ರ ಅಟ್ಟದಿಂದ ಇಳಿಯುತ್ತದೆ. ಅಪ್ಪ ಅದರ ಪ್ಲಗ್ಗನ್ನು ಇವತ್ತಿಗೂ ಮೊದಲು ಕೀಳುತ್ತಾರೆ, ಆಮೇಲೆ ಬಟನ್ ಒತ್ತುತ್ತಾರೆ.