ಪರ ಯಾರು, ವಿರೋಧ ಯಾರು ಎಂಬ ಪಟ್ಟಿ ಸಾಕೇ?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ: ‘ಗ್ರಾಮ ಪಂಚಾಯಿತಿಗೆ ನಿಲ್ಲುವವರೆಲ್ಲ ಮನೆ ಬಾಗಿಲಿಗೆ ಬಂದು ಪರಿಸರ ಉಳಿಸುತ್ತೇವೆ ಎನ್ನುತ್ತಾರೆ. ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಮತ್ತೆ ಕೆಳಕ್ಕೆ ಬಿಟ್ಟು ವಿದ್ಯುತ್ ತಯಾರಿಸುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, ಪಶ್ಚಿಮ ಘಟ್ಟಗಳ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ಇವುಗಳಿಗೆ ಯಾರು ಪರ, ಯಾರು ವಿರೋಧ ಎಂಬ ಪಟ್ಟಿಯನ್ನು ನೀವೇಕೆ ಪ್ರಕಟಿಸಬಾರದು?’

ಮಾನ್ಯರೇ,

ನಿಮ್ಮ ಕಾಳಜಿಯೇ ನಮ್ಮದೂ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ ಅಲ್ಲಿ ಪ್ರಣಾಳಿಕೆಯೂ ಇರುವುದಿಲ್ಲ. ಅಭ್ಯರ್ಥಿಯ ನಿಲುವನ್ನು ಅವರ ಬಾಯಿಂದಲೇ ಕೇಳಬೇಕು. ಆದರೆ ನೀವು ಹೆಸರಿಸಿದ ಎರಡು ವಿಷಯಗಳಷ್ಟನ್ನೇ ಕೇಳಿದರೆ ನಮಗೆ ಸಿಗುವುದು ಹೊಣೆಯಿಲ್ಲದ ಉತ್ತರ. ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಚಿವ ಸಂಪುಟವೇ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿದ ಮೇಲೆ ಮಲೆನಾಡಿನಲ್ಲಿ ಮತ ಕೇಳುವವರಿಗೆ ಅದನ್ನು ವಿರೋಧಿಸಲು ಯಾವ ಧೈರ್ಯವೂ ಬೇಕಿಲ್ಲ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ 2000 ಮೆಗಾವಾಟ್ ಶರಾವತಿ ಯೋಜನೆಯ ತೀರ್ಮಾನ ಬೆಂಗಳೂರು, ದೆಹಲಿಗಳಲ್ಲಿ ಆಗುತ್ತದೆ. ಗ್ರಾಮಸಭೆಯ ಠರಾವಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಹನ್ನೆರಡು ಗ್ರಾಮಸಭೆಗಳು ಅರಣ್ಯ ಹಕ್ಕು ಕಾಯ್ದೆಯ ಬಲದಿಂದಲೇ ಬಾಕ್ಸೈಟ್ ಗಣಿಯನ್ನು ತಡೆದವು. ಹಾಗಾಗಿ ‘ವಿರೋಧವೇ?’ ಎನ್ನುವುದಕ್ಕಿಂತ ‘ಗ್ರಾಮಸಭೆ ಕರೆಸಿ ಠರಾವು ಮಾಡಿಸುತ್ತೀರಾ?’ ಎಂದು ಕೇಳುವುದು ಮೇಲು.

ಇದಕ್ಕಿಂತ ಮುಖ್ಯವಾದದ್ದು ಪಂಚಾಯಿತಿಯ ಕೈಯಲ್ಲೇ ಇರುವ ಅಧಿಕಾರ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಪಕ್ಷಿಗಳ ಬಗೆಗಿನ ಜನರ ತಿಳಿವಳಿಕೆಯನ್ನು ದಾಖಲಿಸಬೇಕು. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕಾಗಿ ಜೀವಸಂಪತ್ತನ್ನು ಸಂಗ್ರಹಿಸುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವೂ ಅದಕ್ಕುಂಟು. ಉಪ್ಪಾಗೆ, ರಾಂಪತ್ರೆ, ದಾಲ್ಚಿನ್ನಿ ಮೊಗ್ಗುಗಳಿಗಾಗಿ ಕೊಂಬೆಗಳನ್ನೇ ಕಡಿದುರುಳಿಸುವ, ಕಾನುಗಳೆಂಬ ದಟ್ಟ ಕಾಡುಗಳ ಸೀಮೆಯಲ್ಲಿ ಇದು ಸಣ್ಣ ಅಧಿಕಾರವಲ್ಲ. ಮತ್ತೆ ಸ್ಪರ್ಧಿಸುತ್ತಿರುವ ಸದಸ್ಯರಿದ್ದರೆ ಸಮಿತಿಯ ನಡಾವಳಿ ಪುಸ್ತಕ ತೋರಿಸಿ ಎನ್ನಿ. ಕೊನೆಯ ಸಭೆ ಯಾವಾಗ ನಡೆಯಿತು, ಸಹಿ ಹಾಕಿದವರು ಯಾರು ಎಂಬುದನ್ನು ಅದೇ ಹೇಳುತ್ತದೆ.

ಇನ್ನೊಂದು ಪ್ರಶ್ನೆ ಕಷ್ಟದ್ದು, ಏಕೆಂದರೆ ಅದು ಮತದಾರರಾದ ನಮ್ಮನ್ನೇ ಮುಟ್ಟುತ್ತದೆ. ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲಿ ನಮ್ಮ ರಸ್ತೆಗಳ ಪಕ್ಕ ಅಡಿಕೆ ಸಿಪ್ಪೆಯ ರಾಶಿಗಳನ್ನು ಎಲ್ಲರೂ ನೋಡಿದ್ದೇವೆ. ಸುಲಿಯುವ ಯಂತ್ರದಿಂದ ಹೊರಬಿದ್ದ ಹಸಿ ಸಿಪ್ಪೆ ಟ್ರ್ಯಾಕ್ಟರಿನಲ್ಲಿ ಬಂದು ಹಳ್ಳದ ಅಂಚಿಗೆ ಬೀಳುತ್ತದೆ, ಒಣಗಿದ ಮೇಲೆ ಯಾರೋ ಬೆಂಕಿ ಇಡುತ್ತಾರೆ, ದಿನಗಟ್ಟಲೆ ಹೊಗೆಯಾಡುತ್ತದೆ. ಅದೇ ಸಿಪ್ಪೆ ಕೊಳೆತು ಗೊಬ್ಬರವಾಗಿ ತೋಟಕ್ಕೆ ಮರಳಬಹುದಿತ್ತು. ಇದಕ್ಕೆ ಜಾಗ ಗೊತ್ತುಮಾಡಿ, ರಸ್ತೆಗೆ ಸುರಿದವರಿಗೆ ದಂಡ ಹಾಕುತ್ತೇನೆಂದು ಬೆಳೆಗಾರರ ಅಂಗಳದಲ್ಲೇ ನಿಂತು ಹೇಳುವ ಅಭ್ಯರ್ಥಿಯ ಮಾತನ್ನು ನಾನು ನಂಬುತ್ತೇನೆ.

ಶಿವಮೊಗ್ಗ ನಗರದ ಓದುಗರಿಗೂ ಇದೇ ಮಾತು ಅನ್ವಯಿಸುತ್ತದೆ. ನಗರದ ಕೊಳಚೆ ಸೇರಿದ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೆಳಗಿನ ಊರುಗಳಿಗೆ ಕುಡಿಯುವ ನೀರಾಗಿ ಹೋಗುತ್ತಾಳೆ. ನದಿಗೆ ಆರತಿ ಎತ್ತುವ ಅಭ್ಯರ್ಥಿಯನ್ನು, ತಮ್ಮ ವಾರ್ಡಿನ ಯಾವ ರಾಜಕಾಲುವೆ ಎಲ್ಲಿ ಹೊಳೆಗೆ ಬೀಳುತ್ತದೆ, ಆ ನೀರನ್ನು ಶುದ್ಧೀಕರಣ ಘಟಕಕ್ಕೆ ತಿರುಗಿಸಲು ಏನು ಅಡ್ಡಿಯಿದೆ ಎಂದು ಕೇಳಬೇಕು.

ನಿಮ್ಮ ಸಲಹೆಯನ್ನು ನಾವು ಕೈಬಿಟ್ಟಿಲ್ಲ. ಮೇಲಿನ ಪ್ರಶ್ನೆಗಳನ್ನು ಅಭ್ಯರ್ಥಿಗಳಿಗೆ ಕಳುಹಿಸಿ, ಅವರ ಉತ್ತರಗಳನ್ನು ಅವರದೇ ಮಾತಿನಲ್ಲಿ ಪ್ರಕಟಿಸುತ್ತೇವೆ. ಉತ್ತರಿಸದವರ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಡುತ್ತೇವೆ. ನಿಮ್ಮ ಪಂಚಾಯಿತಿಯ ನಡಾವಳಿಯ ಪ್ರತಿ ಸಿಕ್ಕರೆ ದಯವಿಟ್ಟು ನಮಗೂ ಕಳುಹಿಸಿಕೊಡಿ.

– ಸಂಪಾದಕ