ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ರೆಸ್ಪಿರೇಟರಿ ಥೆರಪಿಸ್ಟ್ ಆಗಬಹುದಾ?

ಖಂಡಿತ ಆಗಬಹುದು. ಉಸಿರಾಟದ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವುದೇ ರೆಸ್ಪಿರೇಟರಿ ಥೆರಪಿಸ್ಟ್ ಕೆಲಸ. ಈ ಕೆಲಸಕ್ಕೆ ಅಲ್ಲಿ ಕನಿಷ್ಠ ಅಸೋಸಿಯೇಟ್ ಡಿಗ್ರಿ ಬೇಕು. ಅದು ಸುಮಾರು 2 ವರ್ಷದ ಕೋರ್ಸು. ಆದರೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೊದಲೇ ಮುಗಿಸಿರಬೇಕು ಅಂತ ಹಲವು ಕಾಲೇಜುಗಳು ಕೇಳುತ್ತವೆ. ಹಾಗಾಗಿ 3 ವರ್ಷ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಸೇರುವ ಮುಂಚೆ ಕೋರ್ಸಿಗೆ ಕೋಆರ್ಕ್ (ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ ಅಂತ ತಪ್ಪದೆ ನೋಡಿ. ಇಲ್ಲದಿದ್ದರೆ ಈ ವೃತ್ತಿಯ ಅರ್ಹತೆಗಾಗಿ ಎನ್‌ಬಿಆರ್‌ಸಿ ಎಂಬ ರಾಷ್ಟ್ರೀಯ ಮಂಡಳಿ ನಡೆಸುವ ಪರೀಕ್ಷೆಗೆ ಕೂರಲು ಆಗುವುದಿಲ್ಲ, ದುಡ್ಡೂ ಸಮಯವೂ ಸುಮ್ನೆ ಹೋಗುತ್ತದೆ.

ನಿಜವಾದ ಕಲಿಕೆ ಆಸ್ಪತ್ರೆಯಲ್ಲಿ. ಉದಾಹರಣೆಗೆ, ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯುವುದು. ಆ ಅಪಧಮನಿ ಕಣ್ಣಿಗೆ ಕಾಣುವುದಿಲ್ಲ. ನಾಡಿ ಎಲ್ಲಿ ಮಿಡಿಯುತ್ತದೆ ಅಂತ ಬೆರಳಿನಲ್ಲಿ ಹಿಡಿದು ಸೂಜಿ ಹಾಕಬೇಕು. ರೋಗಿಗೆ ನೋವು ಜಾಸ್ತಿ, ಅದಕ್ಕೇ ಮಾತಾಡಿಸುತ್ತಾ ಧೈರ್ಯ ಹೇಳುವುದೂ ಕೆಲಸದ ಭಾಗವೇ. ಆಮೇಲೆ ಆ ರಕ್ತದಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ), ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಮಟ್ಟ ನೋಡಿ, ವೆಂಟಿಲೇಟರ್ ಸೆಟ್ಟಿಂಗ್ ಬದಲಿಸಬೇಕಾ ಅಂತ ಯೋಚಿಸಬೇಕು. ಈ ಲೆಕ್ಕಾಚಾರ ಇಷ್ಟವಾದರೆ ಓದು ಕಷ್ಟ ಅನಿಸುವುದಿಲ್ಲ.

ಅರ್ಹತೆಯಲ್ಲಿ ಸಿಆರ್‌ಟಿ (ಸರ್ಟಿಫೈಡ್ ರೆಸ್ಪಿರೇಟರಿ ಥೆರಪಿಸ್ಟ್), ಅದಕ್ಕಿಂತ ಮೇಲಿನ ಆರ್‌ಆರ್‌ಟಿ (ರಿಜಿಸ್ಟರ್ಡ್ ರೆಸ್ಪಿರೇಟರಿ ಥೆರಪಿಸ್ಟ್) ಅಂತ ಎರಡು ಹಂತ. ಆರ್‌ಆರ್‌ಟಿಯನ್ನೇ ಗುರಿ ಇಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಹೊಸಬರಿಗೆ ಅದಿಲ್ಲದೆ ಲೈಸೆನ್ಸ್ ಸಿಗುವುದಿಲ್ಲ. ಅಲಾಸ್ಕಾ ಬಿಟ್ಟರೆ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಬೇಕೇ ಬೇಕು.