ಕಡಲಲ್ಲಿ ಮುಳುಗಿ, ಅದೇ ಸಂಜೆ ಘಟ್ಟ ಹತ್ತಬಹುದೇ?

ಪ್ರಶ್ನೆ: ನನಗೆ 34 ವರ್ಷ. ಊರು ಗೋಕಾಕ ತಾಲ್ಲೂಕಿನ ಹಳ್ಳಿ, ಬೆಳಗಾವಿಯಲ್ಲಿ ಬ್ಯಾಂಕ್ ಉದ್ಯೋಗ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವನು. ಉಸಿರು ಬಿಗಿಹಿಡಿದು ತಳದ ಕಲ್ಲು ತರುವಷ್ಟು ರೂಢಿಯಿದೆ. ಕಳೆದ ಚಳಿಗಾಲದಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಬಾರಿಗೆ ಸ್ಕೂಬಾ ಡೈವಿಂಗ್ ಮಾಡಿದೆ. ಕಿವಿನೋವು ತಾಳಲಾರದೆ ಅರ್ಧಕ್ಕೇ ಮೇಲೆ ಬಂದೆನಾದರೂ, ಇದನ್ನು ಕ್ರಮವಾಗಿ ಕಲಿತು ಹವ್ಯಾಸ ಮಾಡಿಕೊಳ್ಳುವ ಆಸೆಯಿದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಸೇರಿದರೆ ಎರಡು ದಿನ ರಜೆ ಸಿಗುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ಡೈವ್ ಮಾಡಿ, ಸಂಜೆಯೇ ಕಾರಿನಲ್ಲಿ ಬೆಳಗಾವಿಗೆ ಮರಳಬಹುದೇ? ವಿಮಾನ ಹತ್ತಬಾರದೆಂದು ಅಲ್ಲಿ ಹೇಳಿದರು. ಕಾರಿನ ವಿಷಯ ಯಾರೂ ಹೇಳಲಿಲ್ಲ.

ಉತ್ತರ: ಕಾರಿನ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಕರಾವಳಿಯಲ್ಲೇ ಇರುವ ತರಬೇತುದಾರರಿಗೆ ಸಾಮಾನ್ಯವಾಗಿ ಹೊಳೆಯದ, ಆದರೆ ಘಟ್ಟದ ಮೇಲಿನವರಾದ ನಮಗೆ ಪ್ರತಿ ಸಲವೂ ಎದುರಾಗುವ ಪ್ರಶ್ನೆ ಇದು. ಅದೇ ಸಂಜೆ ಮರಳುವುದು ಬೇಡ ಎಂಬುದೇ ನನ್ನ ಉತ್ತರ.

ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು ಅನೇಕರು ತಿಳಿದಂತೆ ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಅದರಲ್ಲಿ ಸುಮಾರು ಶೇ 79ರಷ್ಟು ನೈಟ್ರೋಜನ್. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು, ಅಂದರೆ ಕಡಲಮಟ್ಟದ ಗಾಳಿಯ ಒತ್ತಡದಷ್ಟು, ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಷ್ಟು ಹೊತ್ತೂ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಸೇರುತ್ತ ಹೋಗುತ್ತದೆ. ಮೇಲೆ ಬಂದ ಕೂಡಲೇ ಅದು ಖಾಲಿಯಾಗುವುದಿಲ್ಲ. ಉಸಿರಿನೊಂದಿಗೆ ಹೊರಹೋಗಲು ಹಲವು ಗಂಟೆ ಬೇಕು. ಅಷ್ಟರಲ್ಲಿ ಹೊರಗಿನ ಒತ್ತಡ ಇನ್ನೂ ಕಡಿಮೆಯಾದರೆ, ಕರಗಿದ ಅನಿಲ ಗುಳ್ಳೆಗಳಾಗಿ ಕೀಲು, ನರ, ಬೆನ್ನುಹುರಿಗೆ ತೊಂದರೆ ಕೊಡಬಹುದು. ಒತ್ತಡ ತಗ್ಗಿದ್ದು ವಿಮಾನದಲ್ಲೋ ಅರಬೈಲ್ ಘಟ್ಟದ ತಿರುವಿನಲ್ಲೋ ಎಂಬುದು ದೇಹಕ್ಕೆ ಗೊತ್ತಾಗುವುದಿಲ್ಲ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮುರ್ಡೇಶ್ವರದ ದಡಕ್ಕಿಂತ ಶೇ 8–9ರಷ್ಟು ಕಡಿಮೆ. ಡೈವಿಂಗ್ ಮಾಡುವವರ ಸುರಕ್ಷತೆಗಾಗಿ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಮಾರ್ಗಸೂಚಿ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಗಳಿಗೆ ಅನ್ವಯಿಸುತ್ತದೆ: ಒಂದೇ ಸಾಧಾರಣ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಬಾರಿ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ವಿಮಾನದೊಳಗಿನ ಒತ್ತಡಕ್ಕೆ ಹೋಲಿಸಿದರೆ ಬೆಳಗಾವಿಯ ಎತ್ತರ ಅಲ್ಪವೇ, ಅಪಾಯವೂ ಅದೇ ಪ್ರಮಾಣದಲ್ಲಿ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ದಣಿದ ದೇಹ, ನೀರು ಕುಡಿಯದ ದಿನ, ರಾತ್ರಿಯ ಚಾಲನೆ ಇವೆಲ್ಲ ಒಟ್ಟಿಗೆ ಸೇರುವ ಕಡೆ ಆ ಅಲ್ಪವನ್ನು ನಂಬಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಲೆಕ್ಕಕ್ಕೆ ಬರುವುದು ಮನೆಯ ಎತ್ತರವಷ್ಟೇ ಅಲ್ಲ, ದಾರಿಯ ಅತಿ ಎತ್ತರದ ಜಾಗವೂ ಹೌದು. ಬಾಗಲಕೋಟೆ 600 ಮೀಟರಿಗಿಂತ ಕೆಳಗಿದ್ದರೂ, ಅಲ್ಲಿಗೆ ಹೋಗುವವರು ಆ ಮಿತಿಯನ್ನು ಮೀರಿದ ಹುಬ್ಬಳ್ಳಿಯನ್ನು ಹಾದೇ ಹೋಗುತ್ತಾರೆ.

ಆದ್ದರಿಂದ ನಿಮ್ಮ ಯೋಜನೆಯನ್ನು ತಿರುವುಮುರುವು ಮಾಡಿ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಡೈವ್ ಮುಗಿಸಿ, ಆ ರಾತ್ರಿ ಮುರ್ಡೇಶ್ವರದಲ್ಲೋ ಹೊನ್ನಾವರದಲ್ಲೋ ಉಳಿದರೆ, ಭಾನುವಾರ ಬೆಳಗಿನ ಆರಕ್ಕೆ 18 ಗಂಟೆ ತುಂಬುತ್ತದೆ. ತಿಂಡಿ ಮುಗಿಸಿ ನಿಶ್ಚಿಂತೆಯಿಂದ ಹೊರಡಬಹುದು. ಮಾಲ್ವಣದಿಂದ ಆಂಬೋಲಿ ಮೇಲೆ, ಗೋವಾದಿಂದ ಚೋರ್ಲಾ ಮೇಲೆ ಬರುವವರಿಗೂ ಇದೇ ಲೆಕ್ಕ. ದಾರಿಯಲ್ಲಿಯಾಗಲಿ ಮರುದಿನವಾಗಲಿ ಭುಜ, ಮೊಣಕೈ, ಮಂಡಿಗಳಲ್ಲಿ ಕಾರಣವಿಲ್ಲದ ನೋವು, ಜೋಮು, ತಲೆಸುತ್ತು, ಚರ್ಮದ ಮೇಲೆ ಮಚ್ಚೆ ಮಚ್ಚೆ ಗಂಧೆ ಅಥವಾ ವಿಪರೀತ ಸುಸ್ತು ಕಂಡರೆ ಮುಲಾಮು ಸವರಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಸ್ಕೂಬಾ ಡೈವಿಂಗ್ ಮಾಡಿ ಬಂದಿರುವುದಾಗಿ ಮೊದಲ ಮಾತಿನಲ್ಲೇ ತಿಳಿಸಿ. ಕಡಲಿಲ್ಲದ ಊರಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ. ಪ್ರಥಮ ಚಿಕಿತ್ಸೆ ಶುದ್ಧ ಆಮ್ಲಜನಕ. ಆನಂತರದ್ದು ಗಾಳಿಯ ಒತ್ತಡ ಹೆಚ್ಚಿಸಿದ ಮುಚ್ಚಿದ ಕೊಠಡಿಯಲ್ಲಿರಿಸಿ ಕೊಡುವ ಚಿಕಿತ್ಸೆ, ಅದು ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ.

ಇನ್ನು ನಿಮ್ಮ ಬಾವಿಯ ಈಜು. ನೀರಿನ ಭಯವಿಲ್ಲದಿರುವುದು ದೊಡ್ಡ ಅನುಕೂಲ, ಆದರೆ ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ದಡದಲ್ಲೇ ಬಿಟ್ಟು ಇಳಿಯಬೇಕು. ಬಾವಿಯಲ್ಲಿ ನೀವು ಮೇಲಿನಿಂದ ತುಂಬಿಕೊಂಡು ಹೋದ ಗಾಳಿ ಆಳದಲ್ಲಿ ಕುಗ್ಗಿ, ಮೇಲೆ ಬರುವಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ 10 ಮೀಟರ್ ಆಳದಲ್ಲಿ ಎದೆತುಂಬ ಎಳೆದುಕೊಂಡ ಗಾಳಿ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಹೊರಬಿಡದಿದ್ದರೆ ಶ್ವಾಸಕೋಶವೇ ಹರಿಯಬಹುದು. ಇದಕ್ಕೆ ಹೆಚ್ಚು ಆಳವೂ ಬೇಡ, ಒಂದೂಕಾಲು ಮೀಟರ್ ಸಾಕು. ಎಡೆಬಿಡದೆ ಉಸಿರಾಡುವುದು, ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದಿರುವುದು, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು, ಇವನ್ನು ಕೈಕಾಲಿಗೆ ರೂಢಿಯಾಗುವವರೆಗೂ ಮಾಡಿಸುವ ತರಬೇತುದಾರರನ್ನೇ ಆರಿಸಿಕೊಳ್ಳಿ.

ಕಿವಿನೋವಿಗೂ ಬಾವಿಯ ರೂಢಿಯೇ ಕಾರಣವಿರಬಹುದು. ಬಾವಿಯಲ್ಲಿ ಕೆಲವೇ ಕ್ಷಣದ ನೋವನ್ನು ಸಹಿಸಿ ಮರಳುತ್ತೇವೆ. ಡೈವಿಂಗಿನಲ್ಲಿ ನೋವು ಬರುವ ಮೊದಲೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ ಕಿವಿಯ ಒಳಗಿನ ಒತ್ತಡವನ್ನು ಸರಿದೂಗಿಸಬೇಕು. ಗಾಳಿ ಅತಿ ಹೆಚ್ಚು ಕುಗ್ಗುವುದು ಮೊದಲ ಕೆಲವು ಮೀಟರುಗಳಲ್ಲೇ ಆದ್ದರಿಂದ, ನೀರಿಗಿಳಿದ ಕೂಡಲೇ ಆರಂಭಿಸಿ ಅರ್ಧರ್ಧ ಮೀಟರಿಗೆ ಒಮ್ಮೆ ಮಾಡುತ್ತಿರಿ. ಕಿವಿ ತೆರೆಯದಿದ್ದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕೇ ಹೊರತು ಬಲವಂತವಾಗಿ ಊದಬಾರದು. ನೆಗಡಿಯಿದ್ದ ದಿನ ಇಳಿಯಲೇಬಾರದು, ಮುಂಗಡ ಕೊಟ್ಟಿದ್ದರೂ ಸರಿ. ಮತ್ತೆ ಹೋಗುವ ಮುನ್ನ ಕಿವಿ, ಮೂಗು, ಗಂಟಲು ತಜ್ಞರಿಗೆ ಒಮ್ಮೆ ತೋರಿಸಿ.

ಮೊದಲ ಹಂತದ ಓಪನ್ ವಾಟರ್ ತರಬೇತಿಯಲ್ಲಿ ಪಾಠ, ಈಜುಕೊಳದ ಅಭ್ಯಾಸ ಮತ್ತು ನಾಲ್ಕು ಡೈವ್‌ಗಳಿರುತ್ತವೆ. ನಿಲ್ಲದೆ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಮುಗಿಸಿದವರಿಗೆ 18 ಮೀಟರ್ ಆಳದವರೆಗೆ ಅನುಮತಿ. ಪಾಠವನ್ನು ಮನೆಯಲ್ಲೇ ಓದಿಕೊಂಡು, ಉಳಿದದ್ದನ್ನು ಎರಡು ವಾರಾಂತ್ಯಗಳಿಗೆ ಹಂಚಿಕೊಡುವಿರಾ ಎಂದು ಕೇಳಿ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಓಣಿಗಳನ್ನು ಸ್ಕೂಬಾ ಮಾಡಿ ನೋಡಬಹುದೇ? ಅಜ್ಜನ ಮನೆ ಅಲ್ಲೇ ಇತ್ತು. (ನವನಗರ, ಬಾಗಲಕೋಟೆ)

ಉತ್ತರ: ನಿಮ್ಮ ಆಸೆ ಅರ್ಥವಾಗುತ್ತದೆ, ಆದರೆ ಹವ್ಯಾಸಿಗಳು ಇಳಿಯುವ ಜಾಗ ಅದಲ್ಲ. ಎರೆಮಣ್ಣು ಕಲಕಿದ ನೀರಿನಲ್ಲಿ ಚಾಚಿದ ಕೈಯೂ ಕಾಣದಿರಬಹುದು. ಬಿದ್ದ ಗೋಡೆ, ಜಾಲಿಗಿಡ, ಮೀನುಬಲೆಗಳಲ್ಲಿ ಸಿಕ್ಕಿಬಿದ್ದರೆ ಜೊತೆಗಾರನಿಗೂ ತಿಳಿಯದು. ಜಲಾಶಯದ ಪೂರ್ಣಮಟ್ಟ 519.60 ಮೀಟರ್, 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗಲು ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ತಿಳಿಸುವ ಸಮುದ್ರದ ಕೋಷ್ಟಕಗಳನ್ನು ಹಾಗೆಯೇ ಬಳಸುವಂತಿಲ್ಲ, ಅದಕ್ಕೆ ಬೇರೆ ತರಬೇತಿ ಬೇಕು. ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ಅಧೀನದಲ್ಲಿರುವುದರಿಂದ ಅನುಮತಿಯ ಪ್ರಶ್ನೆಯೂ ಇದೆ. ಬೇಸಿಗೆಯಲ್ಲಿ ನೀರು ಸರಿದಾಗ, ಹಳೆಯ ಓಣಿಗಳ ಗುರುತು ಬಲ್ಲ ಹಿರಿಯರನ್ನು ಕರೆದುಕೊಂಡು ದಡದಲ್ಲಿ ನಡೆದು ಹುಡುಕಿ. ಒಣಗಿದಂತೆ ಕಾಣುವ ಕೆಸರಿನ ಮೇಲೆ ಮಾತ್ರ ಕಾಲಿಡಬೇಡಿ.